ಮಜ್ಜಿಗೆ ಲೋಟದಲ್ಲಿ ಕೂತ ಕೋನು

ಹೋದ ವಾರ ಮಧ್ಯಾಹ್ನದ ಊಟ ಮುಗಿಸಿ ಇನ್ನೇನು ಚಾಪೆ ಹಾಸಬೇಕು ಅನ್ನುವಾಗ ಪಕ್ಕದ ಮನೆಯ ಸಮೀನಾ ಬಾಗಿಲಿಗೆ ಬಂದಳು. ಮದುವೆಯಾಗಿ ಚನ್ನಗಿರಿಗೆ ಬಂದು ಆರು ತಿಂಗಳಾಗಿರುವ ಹುಡುಗಿ. ಒಂದು ಕಂಕುಳಲ್ಲಿ ಹಾಲಿನ ಬಣ್ಣದ ಪುಟ್ಟ ಕರೆಂಟಿನ ಹೊಲಿಗೆ ಮಿಷನ್ನು, ಇನ್ನೊಂದು ಕೈಯಲ್ಲಿ ಗಿಣಿಹಸಿರು ದಾರದ ದೊಡ್ಡ ಕೋನು. ಮಿಷನ್ನು ಫೋನಿನಲ್ಲಿ ತರಿಸಿದ್ದಂತೆ. ಕೋನನ್ನು ಗಂಡ ದಾವಣಗೆರೆಯಿಂದ ತಂದುಕೊಟ್ಟನಂತೆ.

"ಆಂಟಿ, ಇದು ಇದರ ಮೇಲೆ ಹೆಂಗೆ ಕೂರುತ್ತೆ? ಬೆಳಿಗ್ಗೆಯಿಂದ ಕೂರಿಸ್ತಾ ಇದೀನಿ. ಕೂರ್ತಾನೇ ಇಲ್ಲ" ಎಂದು ಆ ಕೋನನ್ನು ಮಿಷನ್ನಿನ ಮೇಲಿದ್ದ ಕಡ್ಡಿಗೆ ಸಿಕ್ಕಿಸಿ ತೋರಿಸಿದಳು. ಬಡಕಲು ಹುಡುಗನ ತಲೆಗೆ ಮೈಸೂರು ಪೇಟ ಇಟ್ಟ ಹಾಗಿತ್ತು. ಅದು ಒಂದು ಸಲ ಓಲಾಡಿ, ಕೆಳಗೆ ಬಿದ್ದು, ಉರುಳುತ್ತ ನನ್ನ ದಿವಾನದ ಕೆಳಗೆ ಹೋಯಿತು.

ನನಗೆ ನಗು ಬಂತು. ಸಣ್ಣ ನಗುವಲ್ಲ, ಗೋಡೆ ಹಿಡಿದುಕೊಂಡು ನಗುವ ನಗು. ಪಾಪ, ಹುಡುಗಿಯ ಮುಖ ಚಿಕ್ಕದಾಯಿತು. "ನಿನ್ನ ನೋಡಿ ನಕ್ಕಿದ್ದಲ್ಲ ಕಣೇ, ಬಾ" ಎಂದು ಒಳಗೆ ಕೂರಿಸಿ ಟೀಗೆ ಇಟ್ಟೆ. ಆ ಟೀ ಕುದಿಯುವಷ್ಟರಲ್ಲಿ ನಾನು ಇಪ್ಪತ್ತೈದು ವರ್ಷ ಹಿಂದಕ್ಕೆ, ಹೊನ್ನಾಳಿಯ ಮನೆಯ ಪಡಸಾಲೆಗೆ ಹೋಗಿಬಿಟ್ಟಿದ್ದೆ. ನೀವೂ ಬನ್ನಿ. ಟೀ ಆಮೇಲೆ ಕುಡಿದರಾಯಿತು.

ಹೊಲಿಗೆಯ ಗಂಧವೇ ಇಲ್ಲದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮನೆಯಲ್ಲಿ ಹೊಲಿಯುವ ಮಿಷನ್ನಿಗೆ ಹಾಕುವುದು ಹೆಬ್ಬೆರಳು ಗಾತ್ರದ ರೀಲು. ಅದು ಮಿಷನ್ನಿನ ತಲೆಯ ಮೇಲಿನ ಕಡ್ಡಿಯಲ್ಲಿ ಕೂತು ಗಿರಗಿರ ತಿರುಗುತ್ತ ದಾರ ಬಿಡುತ್ತದೆ. ಹಗಲೆಲ್ಲ ಹೊಲಿಯುವ ಟೈಲರುಗಳು, ಕಾರ್ಖಾನೆಯವರು ಬಳಸುವುದು ಕೋನು. ಕೆಳಗೆ ದಪ್ಪ, ಮೇಲಕ್ಕೆ ಹೋದಂತೆ ಸಣ್ಣ, ನಡುವೆ ಟೊಳ್ಳು, ಮೈತುಂಬ ದಾರ. ಒಂದು ಕೋನಿನಲ್ಲಿರುವ ದಾರವನ್ನು ಬಿಚ್ಚುತ್ತ ನಡೆದರೆ ಹೊನ್ನಾಳಿಯಿಂದ ನ್ಯಾಮತಿ ಕಡೆಗೆ ಎಷ್ಟೋ ದೂರ ಹೋಗಬಹುದು ಎಂದು ನಮ್ಮ ಮಾವ ಹೇಳುತ್ತಿದ್ದರು. ಅವರು ಎಲ್ಲವನ್ನೂ ಆ ರಸ್ತೆಯಲ್ಲೇ ಅಳೆಯುವವರು. ಅಳೆಯದೆ ಏನು ಮಾಡಿಯಾರು? ಹೊನ್ನಾಳಿ, ನ್ಯಾಮತಿ, ಸವಳಂಗದ ದಾರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಖಾಸಗಿ ಬಸ್ಸು ಓಡಿಸಿದವರು ಅವರು.

ನನ್ನ ತವರು ಜಗಳೂರು. ನನ್ನನ್ನು ನೋಡಲು ಹೊನ್ನಾಳಿಯವರು ಬಂದ ದಿನ ನನ್ನ ಅವ್ವ ಒಂದು ಸುಳ್ಳು ಹೇಳಿದಳು. ಹುಡುಗನ ತಾಯಿ, ಅಂದರೆ ಮುಂದೆ ನನಗೆ ಅತ್ತೆಯಾದ ನೀಲಮ್ಮನವರು, "ಹುಡುಗಿಗೆ ಏನೇನು ಬರ್ತೈತ್ರೀ?" ಎಂದು ಕೇಳಿದರು. ಅಡುಗೆ, ರಂಗೋಲಿ ಎಂದು ಹೇಳಿ ನಿಲ್ಲಿಸಿದ್ದರೆ ಆಗಿತ್ತು. ಅವ್ವನಿಗೆ ಅಂದು ಹುರುಪು ಬಂದಿತ್ತು.

"ಹೊಲಿಗೆ ಬರ್ತೈತ್ರೀ. ಸೀರೆ ಮ್ಯಾಲಿನ ಜಾಕೀಟು, ಲಂಗ, ಫ್ರಾಕು, ಏನು ಕೊಟ್ರೂ ಹೊಲಿತಾಳೆ."

ನಾನು ಕಾಫಿ ತಟ್ಟೆ ಹಿಡಿದು ನಿಂತಲ್ಲೇ ಬೆವತೆ. ಹೊಲಿಗೆ ಕ್ಲಾಸಿಗೆ ನಾನು ಹೋಗಿದ್ದು ನಿಜ. ಹನ್ನೊಂದು ದಿನ. ಹನ್ನೊಂದನೆಯ ದಿನ ಒಂದು ದಿಂಬಿನ ಚೀಲ ಹೊಲಿದೆ. ಬಹಳ ಅಚ್ಚುಕಟ್ಟಾಗಿ ಬಂದಿತ್ತು, ಆದರೆ ಉತ್ಸಾಹದಲ್ಲಿ ನಾಲ್ಕೂ ಕಡೆ ಹೊಲಿದುಬಿಟ್ಟಿದ್ದೆ. ದಿಂಬು ಎಲ್ಲಿಂದ ಹೋಗಬೇಕು ಎಂದು ಟೀಚರಮ್ಮ ಕೇಳಿದರು. ಹನ್ನೆರಡನೆಯ ದಿನ ನಾನು ಹೋಗಲಿಲ್ಲ.

ಹುಡುಗನ ತಂದೆ ಅಂದು ಕೇಳಿದ್ದು ಒಂದೇ ಪ್ರಶ್ನೆ. ಎತ್ತರದ ಆಳು, ಕಿಟಕಿಯ ಬಿಸಿಲಿಗೆ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಾಗಿತ್ತು. ಹೆಸರು ರುದ್ರಪ್ಪ. ಗಂಟಲು ಸರಿಮಾಡಿಕೊಂಡು, "ಬಸ್ಸಿನಾಗೆ ಕೂತ್ರೆ ವಾಂತಿ ಆಗ್ತೈತೇನವ್ವ?" ಎಂದರು.

"ಇಲ್ಲ" ಎಂದೆ. ಅದೊಂದು ನಿಜ ಹೇಳಿದ ಧೈರ್ಯದಲ್ಲೇ ನನ್ನ ಮದುವೆ ಆಯಿತು.

ಅವ್ವ ಆಡಿದ ಮಾತನ್ನು ಗಟ್ಟಿ ಮಾಡಬೇಕಲ್ಲ? ಕಾಲಿನಿಂದ ತುಳಿಯುವ ಹೊಸ ಹೊಲಿಗೆ ಮಿಷನ್ನನ್ನೇ ಕೊಡಿಸಿದಳು. ಬಾಯಲ್ಲಿ ಹಗುರವಾಗಿದ್ದ ಸುಳ್ಳು ಕಬ್ಬಿಣವಾಗಿ, ನಾಲ್ಕು ಜನರ ಹೆಗಲೇರಿ, ಬಸ್ಸಿನ ಟಾಪು ಹತ್ತಿ, ನನ್ನ ಜೊತೆಗೇ ಹೊನ್ನಾಳಿಗೆ ಬಂದಿಳಿಯಿತು. ಪಡಸಾಲೆಯ ಕಿಟಕಿಯ ಪಕ್ಕ ಅದಕ್ಕೆ ಜಾಗ ಮಾಡಿದರು. ನಾನು ಅದರ ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟೆ. ಒಂದು ವಸ್ತುವನ್ನು ಮುಟ್ಟದೆ ಇಡಬೇಕೆಂದರೆ ಅದನ್ನು ಅಲಂಕಾರ ಮಾಡಿಬಿಡಬೇಕು. ಇದು ನಾನು ಅಂದು ಕಂಡುಕೊಂಡ ಸತ್ಯ.

ಅತ್ತೆ ಒಳ್ಳೆಯವರು. ಅವರಿಗಿದ್ದದ್ದು ಒಂದೇ ದೌರ್ಬಲ್ಯ, ತಮ್ಮ ಮನೆಯವರ ಗುಣಗಾನ. ಬೀದಿಯ ನಲ್ಲಿಯ ಹತ್ತಿರ, ಗುಡಿಯ ಕಟ್ಟೆಯ ಮೇಲೆ, ಎಲ್ಲಿ ನಾಲ್ಕು ಜನ ಸಿಕ್ಕರೂ "ನಮ್ಮ ಸೊಸೆ ಹೊಲಿತಾಳೆ" ಎಂದು ಹೇಳುವರು. ಯಾರಾದರೂ ಬಟ್ಟೆ ತಂದರೆ ನಾನು ಒಂದು ದಿನ ಸೂಜಿ ಮುರಿದಿದೆ ಎನ್ನುತ್ತಿದ್ದೆ, ಒಂದು ದಿನ ಬೆಲ್ಟು ಸಡಿಲ ಎನ್ನುತ್ತಿದ್ದೆ, ಇನ್ನೊಂದು ದಿನ ಕಣ್ಣುನೋವು. ನನ್ನ ಯಜಮಾನರು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ತಟ್ಟೆಯಲ್ಲಿ ಇಲ್ಲದ್ದು ಯಾವುದೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಹೀಗೆ ಐದಾರು ತಿಂಗಳು ಸಾಗಿತು.

ಆಗ ಬಂದರು ಅತ್ತೆಯ ತಂಗಿ ಸರೋಜಮ್ಮ. ನ್ಯಾಮತಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಶಾಲೆಯ ವಾರ್ಷಿಕೋತ್ಸವಕ್ಕೆ ಇಪ್ಪತ್ತನಾಲ್ಕು ಹೆಣ್ಣುಮಕ್ಕಳಿಂದ ಸುಗ್ಗಿ ಕುಣಿತ ಮಾಡಿಸುತ್ತಿದ್ದರು. ಲಂಗಕ್ಕೆ ಬಟ್ಟೆ ತಂದಾಗಿತ್ತು. ಒಪ್ಪಿಕೊಂಡಿದ್ದ ಟೈಲರು ಮಗಳ ಬಾಣಂತನವೆಂದು ಹೆಂಡತಿಯ ಜೊತೆ ಊರು ಬಿಟ್ಟು ಹೋಗಿದ್ದ.

"ಇನ್ನು ಹನ್ನೆರಡು ದಿನ ಐತಕ್ಕಾ. ಮಕ್ಕಳು ಆಸೆ ಇಟ್ಕಂಡಾವೆ. ಏನು ಮಾಡಾಕೂ ತೋಚ್ತಿಲ್ಲ" ಎಂದು ಸರೋಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಅದಕ್ಕ್ಯಾಕೆ ಮುಖ ಸಣ್ಣ ಮಾಡ್ತೀಯ?" ಎಂದರು ಅತ್ತೆ. "ಮನ್ಯಾಗೆ ಮಿಷನ್ ಐತೆ, ಹೊಲಿಯಾಕೆ ಬರೋ ಸೊಸೆ ಅದಾಳೆ. ಬಟ್ಟೆ ಕಳಿಸು."

ಒಲೆಯ ಮೇಲಿದ್ದ ಹಾಲು ಉಕ್ಕಿ ಬೆಂಕಿ ಆರಿಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ನ್ಯಾಮತಿಯ ಬಸ್ಸಿನಲ್ಲಿ ಬಟ್ಟೆಯ ಗಂಟು ಬಂತು. ಕೆಂಪು ಬಟ್ಟೆ, ಅಂಚಿಗೆ ಹಚ್ಚಲು ಬಿಳಿ ಪಟ್ಟಿ, ಸೊಂಟಕ್ಕೆ ಎಲಾಸ್ಟಿಕ್ಕು, ಜೊತೆಗೆ ಪ್ರತಿ ಮಗುವಿನ ಅಳತೆ ಬರೆದ ಚೀಟಿ. ಚೀಟಿಯ ತುಂಬ ಆ ಮಕ್ಕಳ ಹೆಸರುಗಳು. ಅದನ್ನು ಓದಿದ ಮೇಲೆ ನನಗೆ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ನಾನು ಮಾನ ಕಳೆದುಕೊಳ್ಳುವುದು ಹಾಗಿರಲಿ, ಆ ಇಪ್ಪತ್ತನಾಲ್ಕು ಹುಡುಗಿಯರು ಏನು ಉಟ್ಟು ಕುಣಿಯಬೇಕು?

ಮಾವ ಅಲ್ಲೇ ಇದ್ದುದನ್ನು ನಾನು ನೋಡಿರಲಿಲ್ಲ. ಆ ವರ್ಷದ ಯುಗಾದಿಗೆ ಅವರು ಸ್ಟೇರಿಂಗ್ ಬಿಟ್ಟಿದ್ದರು. ಅಂದಿನಿಂದ ಅವರಿಗೆ ಮನೆಯಲ್ಲಿ ಕೈಕಾಲು ಆಡಿಸಲು ಜಾಗವಿರಲಿಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಹೊಸ ಡ್ರೈವರುಗಳಿಗೆ ಬುದ್ಧಿ ಹೇಳುತ್ತಿದ್ದರು. ಅವರನ್ನು ಕಂಡೊಡನೆ ಡ್ರೈವರುಗಳು ಟೀ ಅಂಗಡಿಯ ಹಿಂದೆ ಅಡಗಿಕೊಳ್ಳಲು ಶುರುಮಾಡಿದ ಮೇಲೆ ಅದನ್ನೂ ಬಿಟ್ಟು, ಹಿತ್ತಲಿನ ತೆಂಗಿನ ಗಿಡಕ್ಕೆ ದಿನಕ್ಕೆ ಮೂರು ಸಲ ನೀರು ಹಾಕುತ್ತಿದ್ದರು. ಅಂದೂ ಕೊಡ ಹಿಡಿದು ನಿಂತಿದ್ದರು.

"ಯಾಕವ್ವ? ಜಗಳೂರು ನೆನಪಾಯ್ತೇನು?"

ಮದುವೆಯಾದಾಗಿನಿಂದ ನಾನು ಅವರೆದುರು ನಾಲ್ಕು ಮಾತು ಆಡಿದವಳಲ್ಲ. ಅಂದು ಬಾಯಿಂದ ತಾನಾಗಿ ಬಂತು.

"ಮಾವ, ನಂಗೆ ಹೊಲಿಯಾಕೆ ಬರಲ್ಲ."

ಅವರು ಕೊಡ ಕೆಳಗಿಟ್ಟರು. ನಾನು ದಿಂಬಿನ ಚೀಲದವರೆಗೂ ಎಲ್ಲ ಹೇಳಿದೆ. ಬೈಯುತ್ತಾರೆ, ಇಲ್ಲವೇ ನೆಟ್ಟಗೆ ಒಳಗೆ ಹೋಗಿ ಅತ್ತೆಗೆ ಹೇಳುತ್ತಾರೆ ಎಂದುಕೊಂಡೆ. ಅವರು ಆಚೀಚೆ ನೋಡಿ, ದನಿ ತಗ್ಗಿಸಿದರು.

"ಇದನ್ನ ನಿಮ್ಮತ್ತಿಗೂ ಹೇಳಿಲ್ಲ ನಾನು. ಮೊದಲ್ನೇ ಸಲ ಮಾಲಕರ ಹತ್ರ ಕೆಲ್ಸ ಕೇಳಾಕೆ ಹೋದಾಗ, ಎರಡು ವರ್ಷ ಬಸ್ಸು ಹೊಡ್ದೀನಿ ಅಂದಿದ್ದೆ. ಹೊಡ್ದಿರ್ಲಿಲ್ಲ. ತೊಳ್ದಿದ್ದೆ."

"ಆಮೇಲೆ?"

"ಆಮೇಲೇನು, ಖಾಲಿ ಬಸ್ಸು ಕೊಟ್ಟು ಹೊಡಿ ನೋಡಾಣ ಅಂದ್ರು. ಗೇರ್ ಹಾಕಿದ್ನೋ ಇಲ್ವೋ, ನಡುಗಿ ನಿಂತು ಹೋತು. ಸಿಕ್ಕಿಬಿದ್ದೆ. ಅವರು ನಕ್ಕು, ಒಂದು ತಿಂಗ್ಳು ದಿನಾ ಸಂಜೆ ಸವಳಂಗದ ದಾರಿಯಾಗೆ ಖಾಲಿ ಬಸ್ಸಿನಾಗೆ ಕಲಿಸಿದ್ರು. ಸುಳ್ಳು ಹೇಳಿದ್ದು ತಪ್ಪವ್ವ. ಕಲೀದಿದ್ರೆ ಅದಕ್ಕಿಂತ ದೊಡ್ಡ ತಪ್ಪು. ಏಳು, ಮಿಷನ್ ಬಿಚ್ಚಾಣ."

ಹೂವಿನ ಕುಂಡ ಇಳಿಯಿತು. ಮಾವ ಹಳೆಯ ಪೇಪರು ಹಾಸಿ ಅದರ ಮೇಲೆ ಕೂತು ಮಿಷನ್ನಿನ ಸಂದುಸಂದಿಗೂ ಎಣ್ಣೆ ಬಿಟ್ಟರು, ಗಾಲಿ ತಿರುಗಿಸಿದರು, ಕಿವಿ ಹಚ್ಚಿ ಕೇಳಿದರು. "ಇಂಜಿನ್ ಚಲೋ ಐತೆ" ಎಂದು ತೀರ್ಪು ಕೊಟ್ಟರು. ಅತ್ತೆಗೆ ಮಿಷನ್ ಸರ್ವಿಸ್ ಆಗುತ್ತಿದೆ ಎಂದು ಹೇಳಿದೆವು. ಮಧ್ಯಾಹ್ನದ ಹೊತ್ತು ಅತ್ತೆ ತಮ್ಮ ಭಜನೆಯ ಗೆಳತಿಯರ ಮನೆಗೆ ಹೋಗುವುದು ರೂಢಿ. ಆ ಮೂರು ಗಂಟೆ ನಮ್ಮ ಪಾಠಶಾಲೆ.

ದಾರ ಹಾಕದೆ, ಹಳೆಯ ಸೂಜಿಯಲ್ಲಿ, ಪೇಪರಿನ ಮೇಲೆ ಹೊಲಿಯುವುದು ಮೊದಲ ಪಾಠ. ಅದೊಂದು ನನಗೆ ಕ್ಲಾಸಿನಿಂದ ನೆನಪಿತ್ತು. ಮಾವ ಪೆನ್ನಿನಿಂದ ಪೇಪರಿನ ಮೇಲೆ ರಸ್ತೆ ಎಳೆದರು. ನೆಟ್ಟಗಿನದು ನ್ಯಾಮತಿ ದಾರಿ, ಬಾಗಿದ್ದು ಸವಳಂಗದ ತಿರುವು. ನಾನು ಕಾಲು ತುಳಿದರೆ ಗಾಲಿ ಹಿಂದಕ್ಕೆ ತಿರುಗುತ್ತಿತ್ತು. "ರಿವರ್ಸ್ ಹೋತು, ರಿವರ್ಸ್ ಹೋತು, ಹಿಂದೆ ಯಾರಾರ ಅದಾರೇನು ನೋಡು!" ಎಂದು ಮಾವ ಕೂಗುವರು. ನಾನು ನಗುತ್ತ ಮತ್ತೆ ತುಳಿಯುವೆ. ಎರಡನೆಯ ದಿನ ಸಂಜೆಗೆ ನ್ಯಾಮತಿ ದಾರಿಯಲ್ಲಿ ಗೆರೆ ಬಿಡದೆ ಹೋದೆ. ಮೂರನೆಯ ದಿನ ತಿರುವಿನಲ್ಲೂ ಹಾಯ್ದೆ. ನಾಲ್ಕನೆಯ ದಿನ ದಾರ ಹಾಕಿ ಬಟ್ಟೆ ಇಟ್ಟೆವು.

ನಿಜವಾದ ತೊಂದರೆ ಅಲ್ಲಿಂದ ಶುರು. ಲಂಗದ ಕೆಲಸ ಸುಲಭವೇ. ಎಲ್ಲ ನೇರ ಹೊಲಿಗೆ. ಆದರೆ ಘೇರು, ಅಂದರೆ ಕೆಳಗಿನ ಸುತ್ತಳತೆ, ದೊಡ್ಡದು, ಅಂಚಿಗೆ ಬಿಳಿ ಪಟ್ಟಿಯ ಮೂರು ಸುತ್ತು. ರೀಲಿನ ದಾರ ನೋಡನೋಡುತ್ತ ಖಾಲಿಯಾಗುತ್ತಿತ್ತು. ಖಾಲಿಯಾಗುವುದೋ, ಅಂಚಿನ ಮುಕ್ಕಾಲು ಸುತ್ತಿನಲ್ಲಿ, ಕೈ ಹದಕ್ಕೆ ಬಂದಾಗ. ಮತ್ತೆ ಹೊಸ ರೀಲು ಸಿಕ್ಕಿಸಿ, ಆ ಕೊಕ್ಕೆ ಈ ಕೊಕ್ಕೆ ದಾಟಿಸಿ, ಸೂಜಿಯ ಕಣ್ಣಿಗೆ ದಾರ ಪೋಣಿಸುವುದಕ್ಕೆ ನನಗೆ ಕಾಲು ಗಂಟೆ ಬೇಕು.

"ಇದು ಬಾಟ್ಲಿಯಾಗೆ ಡೀಸೆಲ್ ಹಾಕ್ಕೆಂಡು ಬಸ್ಸು ಹೊಡ್ದಂಗಾತು" ಎಂದರು ಮಾವ. "ಟ್ಯಾಂಕ್ ತರಬೇಕು."

ಬೆಳಿಗ್ಗೆಯ ಬಸ್ಸಿಗೆ ದಾವಣಗೆರೆಗೆ ಹೋಗಿ, ಊಟದ ಹೊತ್ತಿಗೆ ಒಂದು ಕೆಂಪು, ಒಂದು ಬಿಳಿ ಕೋನನ್ನು ಅವಳಿ ಮಕ್ಕಳ ಹಾಗೆ ಎದೆಗವುಚಿಕೊಂಡು ಬಂದರು. ಅವರ ಮುಖದಲ್ಲಿ ಗೆದ್ದು ಬಂದ ಕಳೆ. ನಾನು ಕೈಮುಗಿಯುವುದೊಂದು ಬಾಕಿ. ಅತ್ತೆ ಭಜನೆಗೆ ಹೊರಡುವುದನ್ನೇ ಕಾದು, ಕೆಂಪು ಕೋನನ್ನು ಮಿಷನ್ನಿನ ಕಡ್ಡಿಗೆ ಸಿಕ್ಕಿಸಿದೆವು. ಅಂದು ಆಗಿದ್ದೇ ಮೊನ್ನೆ ಸಮೀನಾಳ ಕಣ್ಣೆದುರು ಆಗಿದ್ದು. ಓಲಾಡಿತು, ಬಿತ್ತು, ಉರುಳಿತು. ಅಂದಿನದು ಮಂಚದ ಕೆಳಗೆ ಹೋಗಿ, ಮಂಚದ ಕಾಲು ಸುತ್ತಿ, ಹೊಸ್ತಿಲು ದಾಟುವ ಹವಣಿಕೆಯಲ್ಲಿತ್ತು.

ಕಡ್ಡಿಯ ಮೇಲೆ ಕೂರದಿದ್ದರೆ ಏನಾಯಿತು, ನಾನೇ ಹಿಡಿಯುತ್ತೇನೆ ಎಂದು ಮಾವ ಮಿಷನ್ನಿನ ಹಿಂದೆ ಸ್ಟೂಲು ಹಾಕಿ ಕೂತರು. ಎರಡು ಬೆರಳು ಟೊಳ್ಳಿನೊಳಗೆ ತೂರಿಸಿ ಕೋನನ್ನು ತಿರುಗಿಸುತ್ತ ಹೋದರು. ನಾನು ಜೋರಾಗಿ ತುಳಿದರೆ ಅವರ ಕೈ ಸಾಲದು, ದಾರ ಬಿಗಿದು ಫಟ್ಟೆಂದು ಹರಿಯುವುದು. ನಿಧಾನ ಮಾಡಿದರೆ ಅವರ ಕೈ ಮುಂದೆ ಓಡಿ, ದಾರ ಸಡಿಲಬಿದ್ದು ಬಟ್ಟೆಯ ಅಡಿಯಲ್ಲಿ ಶಾವಿಗೆಯಂತೆ ಗುಂಜುಕಟ್ಟುವುದು. ಅರ್ಧ ಲಂಗದಲ್ಲಿ ಎರಡು ಸೂಜಿ ಹೋದವು. ಅಡ್ಡಕ್ಕೆ ಒಂದು ಕೋಲು ಕಟ್ಟಿ ಅದಕ್ಕೆ ಪೋಣಿಸಿದೆವು. ತೂಕದ ಕೋನು, ತಿರುಗಲು ಶುರುವಾಗುವುದು ತಡ, ಶುರುವಾದರೆ ನಿಲ್ಲುವುದು ತಡ.

"ಟೆನ್ಷನ್ ಜಾಸ್ತಿ ಆಗೈತೆ" ಎಂದು ಮಾವ ದಾರದ ಬಿಗಿ ಹೊಂದಿಸುವ ತಿರುಪು ನೋಡಿದರು.

"ನಂಗೂ ಆಗೈತೆ ಮಾವ" ಎಂದೆ. ಆರು ದಿನ ಮುಗಿದಿತ್ತು. ಹೊಲಿದದ್ದು ಮೂರು ಲಂಗ.

ಮಾವ ಅಂಗಿ ಹಾಕಿಕೊಂಡು ಎದ್ದು ಹೋದರು. ಎಲ್ಲಿಗೆಂದು ಹೇಳಲಿಲ್ಲ. ಪೇಟೆಯಲ್ಲಿ ಒಬ್ಬ ಟೈಲರಿನ ಹತ್ತಿರ ಹೋಗಿ, ಬೇಡದ ಅಂಗಿಗೆ ಅಳತೆ ಕೊಡುವ ನೆಪದಲ್ಲಿ ಅರ್ಧ ಗಂಟೆ ನಿಂತಿದ್ದರಂತೆ. ತೋಳು ಅಗಲಿಸಿ ನಿಂತವರ ಕಣ್ಣು ಪೂರ್ತಿ ಪಕ್ಕದ ಮಿಷನ್ನಿನ ಮೇಲೆ. ಬರುವಾಗ ಬೀದಿಯ ತುದಿಯಿಂದಲೇ ಕೂಗುತ್ತ ಬಂದರು.

"ಅವ್ವಾ, ಕೋನು ತಿರುಗಲ್ಲ ಕಣವ್ವ! ತಿರುಗಾಂಗೇ ಇಲ್ಲ ಅದು! ನಿಂತ್ಕಂಡಿರ್ತೈತೆ!"

"ನಿಂತ್ಕಂಡ್ರೆ ದಾರ ಹೆಂಗೆ ಬರ್ತೈತೆ ಮಾವ?"

"ತುದೀಯಿಂದ ಮ್ಯಾಲಕ್ಕೆ ಎದ್ದು ಹೋಗ್ತೈತೆ. ಊದುಬತ್ತಿ ಹೊಗೆ ಹೋದಂಗೆ. ಮ್ಯಾಲೆ ಒಂದು ಕೊಕ್ಕೆ ಐತೆ, ಅದರಾಗೆ ತೂರಿ ಕೆಳಗಿಳಿದು ಮಿಷನ್ನಿಗೆ ಬರ್ತೈತೆ. ನಾವು ಅದನ್ನ ತಿರುಗ್ಸಾಕೆ ಹೋಗಿ ಸತ್ವಿ!"

ಇಷ್ಟೇ ಗುಟ್ಟು. ರೀಲು ತಿರುಗಿ ದಾರ ಬಿಡುತ್ತದೆ. ಕೋನು ಅಲುಗಾಡದೆ ನಿಂತು, ಮೇಲಕ್ಕೆ ಎಳೆದುಕೊಂಡವರಿಗೆ ದಾರ ಕೊಡುತ್ತದೆ. ಕಟ್ಟಿ ಕುಣಿಸಲು ಹೋದರೆ ಕೊಡುವುದಿಲ್ಲ.

ಅಟ್ಟದ ಮೇಲೆ ಮುರಿದ ಛತ್ರಿಯೊಂದಿತ್ತು. ಮಾವ ಅದರ ಒಂದು ಕಡ್ಡಿ ಕಿತ್ತು, ತುದಿಯನ್ನು ಉಂಗುರದಂತೆ ಬಾಗಿಸಿ, ಮಿಷನ್ನಿನ ಟೇಬಲ್ಲಿನ ಹಿಂಬದಿಗೆ ನೆಟ್ಟಗೆ ನಿಲ್ಲಿಸಿ ಸೆಣಬಿನ ಸುತಳಿಯಿಂದ ಬಿಗಿದರು. ಉಂಗುರ ಕೋನಿನ ನೆತ್ತಿಗೆ ಸರಿಯಾಗಿ, ಮಿಷನ್ನಿಗಿಂತ ಒಂದು ಗೇಣು ಮೇಲೆ ಬಂತು. ಕೋನು ಬೀಳದಂತೆ ನಿಲ್ಲಲು ಏನಾದರೂ ಬೇಕಲ್ಲ? ಅಡುಗೆಮನೆಗೆ ನುಗ್ಗಿ, ಅತ್ತೆ ದಿನಾ ಮಜ್ಜಿಗೆ ಕುಡಿಯುವ ಅಗಲ ಬಾಯಿಯ ಎತ್ತರದ ಸ್ಟೀಲ್ ಲೋಟ ತಂದರು. ಕೋನು ಅದರೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ದಾರವನ್ನು ಎಳೆದು ಉಂಗುರಕ್ಕೆ ತೂರಿಸಿ, ಮಿಷನ್ನಿನ ಕೊಕ್ಕೆಗಳನ್ನು ದಾಟಿಸಿ, ಸೂಜಿಗೆ ಪೋಣಿಸಿದೆ. ರೀಲಿನ ದಾರಕ್ಕಿಂತ ಇದು ನಯ. ತಿರುಪನ್ನು ಒಂದಿಷ್ಟು ಸಡಿಲ ಮಾಡಿ, ಉಸಿರು ಹಿಡಿದು ಕಾಲು ತುಳಿದೆ.

ಆ ಸದ್ದನ್ನು ಹೇಗೆ ಹೇಳಲಿ! ಅಲ್ಲಿಯವರೆಗೆ ಎಡವುತ್ತಿದ್ದ ಮಿಷನ್ನು ಒಂದೇ ಸಮನೆ ಹಾಡತೊಡಗಿತು. ಅಂಚಿನ ಒಂದು ಸುತ್ತು, ಎರಡು, ಮೂರು. ದಾರ ಹರಿಯಲಿಲ್ಲ. ಇನ್ನೊಂದು ಲಂಗ. ದಾರ ಮುಗಿಯಲಿಲ್ಲ. ಕೋನು ಲೋಟದಲ್ಲಿ ಕೂತು, ಏನೂ ಆಗದವರ ಹಾಗೆ ದಾರ ಕೊಡುತ್ತಲೇ ಇತ್ತು. ಮಾವ ಸೊಂಟಕ್ಕೆ ಕೈಯಿಟ್ಟು ನಿಂತು, "ಬಿಡು ಬಿಡು, ರೋಡ್ ಕ್ಲಿಯರ್ ಐತೆ" ಎನ್ನುತ್ತಿದ್ದರು.

ಅತ್ತೆ ಮಾತ್ರ ಲೋಟ ಹುಡುಕತೊಡಗಿದರು. ಸಂಜೆ ಅವರು ಬರುವ ಮೊದಲು ಮಿಷನ್ನಿನ ಮೇಲೆ ಬಟ್ಟೆ ಹೊದಿಸುತ್ತಿದ್ದೆವಾಗಲಿ, ಲೋಟವನ್ನು ಅದರೊಳಗಿಂದ ತೆಗೆಯುವ ಧೈರ್ಯ ನಮಗಿರಲಿಲ್ಲ. ಹೊಂದಿ ಬಂದದ್ದು ಕೆಟ್ಟೀತೆಂಬ ಭಯ. ಪಾತ್ರೆ ತೊಳೆಯುವ ಕಡೆ ನೋಡಿದರು, ಪಕ್ಕದ ಮನೆಯಲ್ಲಿ ಕೇಳಿದರು. "ಒಂದು ಲೋಟ ಕಾಲು ಬಂದು ನಡ್ಕಂಡು ಹೋಗ್ತೈತೇನ್ರೀ?" ಎಂದು ಮಾವನನ್ನು ಕೇಳಿದಾಗ ಮಾವ ಪೇಪರಿನೊಳಗೆ ಮುಖ ಹುದುಗಿಸಿದರು. ಪೇಪರು ತಲೆಕೆಳಗಾಗಿತ್ತು.

ಇನ್ನು ಮೂರು ದಿನ ಉಳಿದಿತ್ತು. ಅಂದು ನನ್ನ ಕಾಲು ನೋಯುತ್ತಿತ್ತೆಂದು ಮಾವ ತಾವೇ ಮಿಷನ್ನಿಗೆ ಕೂತಿದ್ದರು. ನೋಡಿ ನೋಡಿ ಅವರಿಗೆ ಕೈ ಕೂತಿತ್ತು. ಅಷ್ಟು ದೊಡ್ಡ ಕೈಗಳು ಬಟ್ಟೆಯನ್ನು ಸೂಜಿಯ ಕೆಳಗೆ ನಡೆಸುವ ನಾಜೂಕು ನೋಡುವಂತಿತ್ತು. ನಾನು ಪಕ್ಕದಲ್ಲಿ ಎಲಾಸ್ಟಿಕ್ಕು ಕತ್ತರಿಸುತ್ತಿದ್ದೆ. ಮಿಷನ್ನಿನ ಸದ್ದಿನಲ್ಲಿ ಬಾಗಿಲು ತೆಗೆದದ್ದು ಕೇಳಲಿಲ್ಲ.

"ಅಯ್ಯೋ ಶಿವನೇ! ಇದೇನ್ರೀ ನೀವು?"

ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಗಂಡ ಕೆಂಪು ಲಂಗ ಹೊಲಿಯುತ್ತಿದ್ದಾನೆ. ಅದರ ಹಿಂದೆ ತಮ್ಮ ಮಜ್ಜಿಗೆ ಲೋಟ. ಅದರಿಂದ ದಾರ ಎದ್ದು ಛತ್ರಿ ಕಡ್ಡಿಗೆ ಹೋಗುತ್ತಿದೆ.

"ಪಿಕಪ್ ಹೆಂಗೈತೆ ಅಂತ ಚೆಕ್ ಮಾಡ್ತಿದ್ದೆ" ಎಂದರು ಮಾವ.

ಅತ್ತೆ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನಿಂಗೆ ಹೊಲಿಯಾಕೆ ಬರ್ತಿರ್ಲಿಲ್ಲ. ಹೌದಿಲ್ಲೋ?"

"ಹೌದು ಅತ್ತೆ."

ಅವರು ಮಂಚದ ಮೇಲೆ ಕುಸಿದು ಕೂತರು. ಅವರಿಗೆ ನಿಜವಾಗಿ ನೋವಾಗಿತ್ತು. "ಬೀದಿ ತುಂಬ ಹೇಳ್ಕಂಡು ಬಂದೀನಲ್ಲೇ. ಎಲ್ಲರಿಗೂ ಗೊತ್ತಿದ್ದು ನಂಗೊಬ್ಬಳಿಗೇ ಗೊತ್ತಿಲ್ಲದಂಗಾತೇನು?" ಎಂದಾಗ ಅವರ ದನಿ ಒಡೆದಿತ್ತು. ನಾನು ಅವರ ಕಾಲ ಹತ್ತಿರ ಹೋಗಿ ಕೂತೆ. ಯಾರಿಗೂ ಗೊತ್ತಿಲ್ಲ, ನನ್ನ ಯಜಮಾನರಿಗೂ ಗೊತ್ತಿಲ್ಲ ಎಂದೆ. ಮಾವ ಎದ್ದು ಬಂದು, "ಬೈಯೋದಾದ್ರೆ ನಂಗೆ ಬೈ. ಮುಚ್ಚಿಟ್ಟಿದ್ದು ನಾನು" ಎಂದರು. ಆಮೇಲೆ ಏನನ್ನಿಸಿತೋ, ಬಸ್ಸು ತೊಳೆದ ಕಥೆಯನ್ನೂ ಅತ್ತೆಗೆ ಹೇಳಿಬಿಟ್ಟರು. ಇಷ್ಟು ವರ್ಷಗಳ ಮೇಲೆ.

ಅತ್ತೆ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು.

"ಎಷ್ಟು ಆಗ್ಯಾವೆ?"

"ಹದಿನೇಳು" ಎಂದೆ.

ಮಡಿಸಿಟ್ಟ ಲಂಗಗಳಿಂದ ಒಂದನ್ನು ಎತ್ತಿಕೊಂಡರು. ಒಳಗೆ ಹೊರಗೆ ತಿರುಗಿಸಿ ನೋಡಿದರು. ಆಮೇಲೆ ಹೊಲಿಗೆಯ ಎರಡೂ ಕಡೆ ಮುಷ್ಟಿಯಲ್ಲಿ ಹಿಡಿದು, ರೊಟ್ಟಿ ಬಡಿಯುವ ಕೈಯ ಬಲವನ್ನೆಲ್ಲ ಹಾಕಿ ಜಗ್ಗಿದರು. ಹೊಲಿಗೆ ಒಂದೆಳೆಯೂ ಬಿಡಲಿಲ್ಲ.

"ಬರಲ್ಲ ಅಂದ್ರೆ ಇದನ್ನ ಯಾರು ಹೊಲಿದ್ರು?" ಎಂದರು.

ನಾನು ಮುಖ ಎತ್ತಿದೆ. ಅವರು ಆಗಲೇ ಸೆರಗು ಸಿಕ್ಕಿಸಿ, "ಆ ಎಲಾಸ್ಟಿಕ್ ಇಲ್ಲಿ ಕೊಡ್ರಿ. ಪಿನ್ನು ಎಲ್ಲೈತೆ? ನೀವಿಬ್ರೇ ಮಾಡ್ತಾ ಕೂತ್ರೆ ಮಕ್ಕಳು ಮುಂದಿನ ವರ್ಷ ಕುಣೀಬೇಕು" ಎನ್ನುತ್ತ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಾವ ಲೋಟದ ಕಡೆ ಕೈ ಮಾಡಿ, "ಇದನ್ನ..." ಎಂದು ತಡವರಿಸಿದರು. "ಇರ್ಲಿ ಬಿಡ್ರೀ. ಕೆಲ್ಸ ಮಾಡೋರ ಬಾಯಿಂದ ಲೋಟ ಕಿತ್ಕಬಾರ್ದು" ಎಂದರು ಅತ್ತೆ.

ವಾರ್ಷಿಕೋತ್ಸವದ ದಿನ ನಾವು ನಾಲ್ವರೂ ನ್ಯಾಮತಿಗೆ ಹೋದೆವು. ಇಪ್ಪತ್ತನಾಲ್ಕು ಕೆಂಪು ಲಂಗಗಳು ಒಂದೇ ಸಲ ವೇದಿಕೆಗೆ ಬಂದಾಗ ನನ್ನ ಎದೆ ಹೊಡೆದುಕೊಂಡ ಸದ್ದು ಡೋಲಿನ ಸದ್ದಿಗಿಂತ ಜೋರಾಗಿತ್ತು. ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯ ಸುತ್ತಿನಲ್ಲಿ ಮುಂದಿನ ಸಾಲಿನ ಒಬ್ಬ ಪುಟ್ಟ ಹುಡುಗಿಯ ಎಲಾಸ್ಟಿಕ್ಕು ಸಡಿಲವಾಯಿತು. ಲಂಗ ಜಾರತೊಡಗಿತು. ನಾನು ಕಣ್ಣು ಮುಚ್ಚಿಕೊಂಡೆ. ಆ ಹುಡುಗಿ ಜಾಣೆ. ಅಳಲಿಲ್ಲ, ನಿಲ್ಲಲಿಲ್ಲ. ಒಂದು ಕೈಯಲ್ಲಿ ಸೊಂಟದ ಹತ್ತಿರ ಲಂಗ ಹಿಡಿದುಕೊಂಡು, ಇನ್ನೊಂದು ಕೈ ಮೇಲೆತ್ತಿ ಕುಣಿಯುತ್ತಲೇ ಹೋದಳು. ಪಕ್ಕದವಳು ಅದನ್ನು ನೋಡಿ ತಾನೂ ಹಾಗೇ ಹಿಡಿದಳು. ಅವಳನ್ನು ನೋಡಿ ಮತ್ತೊಬ್ಬಳು. ನಾನು ಕಣ್ಣು ಬಿಡುವಷ್ಟರಲ್ಲಿ ಇಪ್ಪತ್ತನಾಲ್ಕು ಮಕ್ಕಳೂ ಒಂದು ಕೈಯಲ್ಲಿ ಸೊಂಟ ಹಿಡಿದು, ಒಂದು ಕೈ ಮೇಲೆತ್ತಿ ತಿರುಗುತ್ತಿದ್ದರು. ಜನ ಶಿಳ್ಳೆ ಹೊಡೆದರು. "ಎಂಥ ಚಂದ ಸ್ಟೆಪ್ಪು ಕಲಿಸೀರಿ!" ಎಂದು ಪಕ್ಕದವರು ಸರೋಜಮ್ಮನ ಕೈ ಕುಲುಕಿದರು.

ಮಾವ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಹಿಂದೆ ಕೂತವರು "ಕೂತ್ಕಳ್ರೀ, ಕಾಣ್ತಿಲ್ಲ" ಎಂದರೂ ಕೂರಲಿಲ್ಲ. "ನಮ್ಮ ಸೊಸೆ ಹೊಲಿದಿದ್ದು. ಅಷ್ಟೂ ಅವಳೇ ಹೊಲಿದಿದ್ದು" ಎಂದು ಗುರುತಿಲ್ಲದವರಿಗೆಲ್ಲ ಹೇಳುತ್ತಿದ್ದರು. ಅವರು ಹೊಲಿದ ಲಂಗಗಳಿಗೂ ನನ್ನ ಹೆಸರೇ ಆಯಿತು.

ಮುಂದೆ ಹಬ್ಬಕ್ಕೆ ಜಗಳೂರಿಗೆ ಹೋದಾಗ, ಸಿಕ್ಕಿಬಿದ್ದದ್ದನ್ನು ಅವ್ವನಿಗೆ ಹೇಳಿ ಜಗಳ ತೆಗೆದೆ. ಅವಳು ಶೇಂಗಾ ಸುಲಿಯುತ್ತ ತಲೆಯೆತ್ತದೆ ಹೇಳಿದಳು: "ನಾನು ಸುಳ್ಳೇನು ಹೇಳಿದೆ? ಈಗ ಬರ್ತೈತಲ್ಲ. ಒಂಚೂರು ಮುಂಚೆ ಹೇಳಿದೆ, ಅಷ್ಟೆ."

ಆಮೇಲೆ ಜಾಕೀಟು ಕಲಿತೆ, ಫ್ರಾಕು ಕಲಿತೆ. ಯಜಮಾನರ ಕೆಲಸ ಚನ್ನಗಿರಿಗೆ ಬದಲಾದ ಮೇಲೆ ಇಲ್ಲಿ ಮುಂದಿನ ಕೋಣೆಯಲ್ಲೇ ಹೊಲಿಯುತ್ತ ಬಂದೆ. ಈ ಓಣಿಯ ಎಷ್ಟು ಮದುವೆಗಳ ಜಾಕೀಟು ನನ್ನ ಕೈಯಲ್ಲಿ ಆಗಿದೆಯೋ. ಮಾವನೂ ಮಿಷನ್ನು ಬಿಡಲಿಲ್ಲ. ಹೊನ್ನಾಳಿಯಲ್ಲಿ ಇನ್ನೊಂದು ಹಳೆಯ ಮಿಷನ್ನು ಹೊಂದಿಸಿಕೊಂಡು ಹಿಟ್ಟಿನ ಚೀಲ, ದಿಂಬಿನ ಕವರು, ಬಸ್ಸಿನ ಕಿಟಕಿ ಪರದೆ ಹೊಲಿದರು. ಮೊದಲು ನಕ್ಕ ಗಂಡಸರೇ ಹರಿದ ಚೀಲ ಹಿಡಿದು ಬಂದರು. ಅಂಗಿ ತಂದರೆ ಮಾತ್ರ ಒಪ್ಪುತ್ತಿರಲಿಲ್ಲ. "ಅದು ಘಾಟಿ ಸೆಕ್ಷನ್. ನಂದೇನಿದ್ರೂ ನೆಟ್ಟಗಿನ ರಸ್ತೆ" ಎನ್ನುವರು.

ಟೀ ಕುಡಿಯುತ್ತ ನನ್ನಿಂದ ಇದನ್ನೆಲ್ಲ ಕೇಳಿದ ಸಮೀನಾ, "ಹಂಗಾದ್ರೆ ನೀವು ಕ್ಲಾಸಿಗೆ ಹೋಗಿ ಕಲಿತಿದ್ದಲ್ವಾ ಆಂಟಿ?" ಎಂದಳು. ನಿಮಗೆ ಹೇಳಲು ನಾಚಿಕೆ. ಇಷ್ಟು ವರ್ಷ ಚನ್ನಗಿರಿಯಲ್ಲಿ ಯಾರು ಕೇಳಿದರೂ "ಜಗಳೂರಿನಲ್ಲಿ ಕ್ಲಾಸು ಮಾಡಿದ್ದೆ" ಎಂದೇ ಹೇಳಿಕೊಂಡು ಬಂದಿದ್ದೆ. ಬಸ್ ಡ್ರೈವರು ಕಲಿಸಿದ ಎಂದರೆ ಜಾಕೀಟಿಗೆ ಯಾರು ಬಟ್ಟೆ ಕೊಟ್ಟಾರು ಎಂಬ ಅಳುಕು. ಅಂದು ಯಾಕೋ ಅಳುಕು ಬರಲಿಲ್ಲ.

"ಇಲ್ಲ ಕಣೇ. ನಮ್ಮ ಮಾವ ಕಲಿಸಿದ್ದು" ಎಂದೆ.

ಸಮೀನಾಳ ಕೋನಿಗೆ ಒಂದು ಡಬ್ಬಿ, ಒಂದು ತಂತಿ ಹೊಂದಿಸಿಕೊಟ್ಟೆ. ಅದು 'ನಿಂತ' ಖುಷಿಗೆ ಹೊನ್ನಾಳಿಗೆ ವೀಡಿಯೋ ಕಾಲ್ ಹಚ್ಚಿದೆವು. ಮಾವನಿಗೆ ಈಗ ಎಂಬತ್ತು ದಾಟಿದೆ. ಮಿಷನ್ನನ್ನು ಫೋನಿನಲ್ಲಿ ನೋಡುತ್ತಲೇ, "ಅದಕ್ಕೆ ಲೈಟ್ ಬೇರೆ ಐತಾ? ನಾನೇ ಬಂದು ನೋಡ್ತೀನಿ" ಎಂದರು.

ಬಂದೇಬಿಟ್ಟರು. ನಿನ್ನೆ ಭಾನುವಾರ, ಅತ್ತೆಯ ಜೊತೆ, ಬೆಳಗಿನ ಬಸ್ಸಿಗೆ. ಸಮೀನಾ ಅವರ ಮುಂದೆ ಮಿಷನ್ನಿಟ್ಟು, ಕೆಳಗೆ ಬಲಗಾಲಿನ ಹತ್ತಿರ ಕರಿಯ ಪೆಡಲನ್ನು ಸರಿಸಿ, "ಅಜ್ಜಾರೇ, ಇದನ್ನ ಒತ್ತಿದ್ರೆ ಓಡುತ್ತೆ. ಜೋರಾಗಿ ಒತ್ತಿದ್ರೆ ಜೋರಾಗಿ ಓಡುತ್ತೆ" ಎಂದಳು.

ಮಾವ ಬಗ್ಗಿ ಆ ಪೆಡಲನ್ನು ನೋಡಿದರು. ಅವರ ಮುಖದಲ್ಲಿ ಮೂಡಿದ ನಗುವನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಆಕ್ಸಿಲರೇಟ್ರು!" ಎಂದರು. "ನೀಲಾ, ಇದಕ್ಕೆ ಆಕ್ಸಿಲರೇಟ್ರು ಐತೆ ನೋಡೇ!"

ಚಪ್ಪಲಿ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು, ಬಲಗಾಲನ್ನು ಮೆಲ್ಲಗೆ ಒತ್ತಿದರು. ಮಿಷನ್ನು ಗುರ್ರೆಂದು ಹೊರಟಿತು. ಅತ್ತೆ "ನಿಧಾನ ರೀ, ನಿಧಾನ" ಎನ್ನುತ್ತಿದ್ದರು, ಸಮೀನಾ ಕೈ ತಟ್ಟಿ ನಗುತ್ತಿದ್ದಳು. ನಾನು ಬಿದ್ದ ಕತ್ತರಿ ಎತ್ತಿಕೊಳ್ಳಲು ಬಗ್ಗಿದವಳು ಟೇಬಲ್ಲಿನ ಕೆಳಗೆ ನೋಡಿದೆ. ಮಾವನ ಎಡಗಾಲು ಖಾಲಿ ನೆಲವನ್ನು ಮೆತ್ತಗೆ ಒತ್ತಿ ಬಿಡುತ್ತ, ಅಲ್ಲಿಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು.